ನಾವು ದುಡ್ಡು ಕೊಟ್ಟು ತಗೊಂಡ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ನಮಗೆ ಕೊಡಿ

ಮಾಲೀಕರಿಗೆ ನಮಸ್ಕಾರ ಸರ್,

ಮುಂಬೈ ಲ್ಯಾಮಿಂಗ್ಟನ್ ರೋಡಿನ ನಿಮ್ಮ ಅಂಗಡಿಯಲ್ಲಿ ನನ್ನ ಮಗಳ ಓದಿಗೆ ಅಂತ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಬಗ್ಗೆ ಈ ದೂರು. ಬಿಲ್ಲಿನ ಫೋಟೋ ಜೊತೆಗೆ ಕಳಿಸಿದೀನಿ. ಫೋನ್ ಮಾಡಿದ್ರೆ ಪ್ರತಿ ಸಲ ಬೇರೆ ಹುಡುಗ ಎತ್ತುತಾನೆ, ಮತ್ತೆ ಮೊದಲಿಂದ ಎಲ್ಲಾ ಹೇಳಬೇಕು, ಅದಕ್ಕೇ ಬರೆದು ಕೊಡ್ತಿದೀನಿ, ನೀವೂ ಕನ್ನಡದವರೇ ಆದ್ದರಿಂದ ಕನ್ನಡದಲ್ಲೇ.

ಮಗಳದ್ದು ಇಂಜಿನಿಯರಿಂಗ್ ಮೊದಲ ವರ್ಷ, ಸಿ++ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ಇದೆ. ಕಂಪೈಲರ್ (ಬರೆದ ಕೋಡನ್ನ ಓಡೋ ಪ್ರೋಗ್ರಾಂ ಮಾಡಿಕೊಡೋ ಸಾಫ್ಟ್‌ವೇರ್) ಹಾಕಿ ಕೊಡಿ ಅಂತ ಆರ್ಡರ್ ಕೊಡುವಾಗಲೇ ಹೇಳಿದ್ದೆ, ಬಿಲ್ಲಲ್ಲೂ ಸಾಫ್ಟ್‌ವೇರ್ ಇನ್‌ಸ್ಟಾಲೇಶನ್ ಅಂತ ಬೇರೆ ದುಡ್ಡು ಹಿಡಿದಿದೀರ. ಹಾಕಿರೋದು ಏನು ಅಂದ್ರೆ ವಿಎಸ್ ಕೋಡ್, ಮತ್ತೆ ಹಳೇ ಡಾಸ್ ಪ್ರೋಗ್ರಾಂ ಓಡಿಸೋ ಡಾಸ್‌ಬಾಕ್ಸ್ ಒಳಗೆ ಟರ್ಬೊ ಸಿ++ ಅನ್ನೋ ಹಳೇ ಕಂಪೈಲರ್. ವಿಎಸ್ ಕೋಡ್ ಕಂಪೈಲರ್ ಅಲ್ಲ ಸರ್, ಅದು ಎಡಿಟರ್, ಕೋಡ್ ಟೈಪ್ ಮಾಡಬಹುದು ಅಷ್ಟೇ, ಕಂಪೈಲರ್ ನಾವು ಬೇರೆ ಹಾಕಬೇಕು, ಅದಿಲ್ಲದೆ ಟರ್ಮಿನಲ್ಲಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಸಿ++ ಕಂಪೈಲ್ ಮಾಡೋ ಜಿ++ ಕಮಾಂಡ್ ಕೊಟ್ರೆ 'ನಾಟ್ ರೆಕಗ್ನೈಸ್ಡ್' ಅಂತಲೇ ಬರೋದು. ಇನ್ನು ಟರ್ಬೊ ಸಿ++ ಅನ್ನೋದು ಬೋರ್ಲೆಂಡ್‌ನವರು 1990ರಲ್ಲಿ ತಂದಿದ್ದು, ಸಿ++ಗೆ ಮೊದಲ ಐಎಸ್ಓ ಸ್ಟ್ಯಾಂಡರ್ಡ್ ಬಂದಿದ್ದೇ 1998ರಲ್ಲಿ. 16 ಬಿಟ್ ಡಾಸ್ ಪ್ರೋಗ್ರಾಂ ಅದು, 64 ಬಿಟ್ ವಿಂಡೋಸ್ ಮೇಲೆ ನೇರ ಓಡಲ್ಲ, ಅದಕ್ಕೇ ತಾನೇ ನಿಮ್ಮ ಹುಡುಗ ಡಾಸ್‌ಬಾಕ್ಸ್ ಹಾಕಿರೋದು? ಕ್ಲಾಸಲ್ಲಿ ಮೇಡಂ 'ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ' ಅಂತ ಬರೆಸ್ತಾರೆ, ವೆಕ್ಟರ್ ಬಳಸೋಕೆ ಹೇಳ್ತಾರೆ, ಇವು ಈ ಹಳೇ ಟರ್ಬೊ ಸಿ++ಗೆ ಗೊತ್ತೇ ಇಲ್ಲ, ಕೊಟ್ರೆ ಮೊದಲ ಸಾಲುಗಳಲ್ಲೇ ಎರರ್. ಆ ಹುಡುಗಿ ತನಗೇ ಏನೋ ಬರಲ್ಲ ಅಂತ ಅತ್ತುಕೊಂಡು ಕೂತಿದ್ಲು, ನನಗೆ ಜಾಸ್ತಿ ಬೇಜಾರಾಗಿದ್ದು ಅದೇ.

ಸರಿ, ನಾವೇ ಹಾಕ್ಕೊಳ್ಳೋಣ ಅಂತ ಮೈಕ್ರೋಸಾಫ್ಟಿನ ಕಂಪೈಲರ್ ಇರೋ ವಿಷುಯಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಡೌನ್‌ಲೋಡ್ ಮಾಡಿ ಓಪನ್ ಮಾಡಿದ್ರೆ ಅಡ್ಮಿನ್ ಪಾಸ್‌ವರ್ಡ್ ಕೇಳ್ತು, ಆ ಬಾಕ್ಸಲ್ಲಿ ನಿಮ್ಮ ಅಂಗಡಿ ಹೆಸರಿನ ಅಕೌಂಟ್! ಅಂದ್ರೆ ಮಗಳಿಗೆ ಕೊಟ್ಟಿರೋದು ಸ್ಟ್ಯಾಂಡರ್ಡ್ ಯೂಸರ್ ಅಕೌಂಟ್, ಅಡ್ಮಿನಿಸ್ಟ್ರೇಟರ್ ನೀವು. 'ನೆಟ್ ಲೋಕಲ್‌ಗ್ರೂಪ್ ಅಡ್ಮಿನಿಸ್ಟ್ರೇಟರ್ಸ್' ಅನ್ನೋ, ಅಡ್ಮಿನ್‌ಗಳ ಪಟ್ಟಿ ತೋರಿಸೋ ಕಮಾಂಡ್ ಕೊಟ್ಟು ನೋಡಿದ್ವಿ, ವಿಂಡೋಸಿನ ಬಿಲ್ಟ್ ಇನ್ ಅಡ್ಮಿನಿಸ್ಟ್ರೇಟರ್ ಬಿಟ್ರೆ ಇರೋದು ನಿಮ್ಮದೊಂದೇ. ನಮ್ಮ ಮನೆಯವರ ಹೆಸರೇ ಇಲ್ಲ.

ಫೋನಲ್ಲಿ ನಿಮ್ಮವರು ಕೊಟ್ಟ ಸಲಹೆಗಳನ್ನೂ ಕೇಳಿ. ಒಬ್ಬ ರೈಟ್ ಕ್ಲಿಕ್ ಮಾಡಿ ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಡಿ ಅಂದ, ಕೊಟ್ರೂ ಅದೇ ಪಾಸ್‌ವರ್ಡ್ ಕೇಳುತ್ತೆ, ಕೇಳಲೇಬೇಕು. ಇನ್ನೊಬ್ಬ ಯುಎಸಿ (ಹೀಗೆ ಅಡ್ಮಿನ್ ಅನುಮತಿ ಕೇಳೋ ವಿಂಡೋಸ್ ವ್ಯವಸ್ಥೆ) ಆಫ್ ಮಾಡಿ ಅಂದ, ಅದನ್ನ ಆಫ್ ಮಾಡೋಕೂ ಅಡ್ಮಿನ್ನೇ ಬೇಕಲ್ವಾ ಸರ್! ಆಂಟಿವೈರಸ್ ತೆಗೀರಿ ಅಂದವರೂ ಇದಾರೆ. ಕಡೆಗೆ 'ಸಿಪಿಯು ತಗೊಂಡು ಬನ್ನಿ, ಫಾರ್ಮ್ಯಾಟ್ ಮಾಡಿ ಕೊಡ್ತೀವಿ, ಚಾರ್ಜ್ ಆಗುತ್ತೆ'. ಡೊಂಬಿವಲಿಯಿಂದ ಸಿಪಿಯು ಹೊತ್ಕೊಂಡು ಲೋಕಲ್ಲಲ್ಲಿ ಬಂದು, ದಾದರಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಲ್ಲಿ ಇಳಿಯೋದು ಅಂದ್ರೆ ಏನು ಅಂತ ನಿಮಗೆ ಗೊತ್ತು. ಒಂದು ಪಾಸ್‌ವರ್ಡ್ ಹೇಳಿದ್ರೆ ಮುಗಿಯೋ ಕೆಲಸಕ್ಕೆ ಯಾಕೆ ಫಾರ್ಮ್ಯಾಟ್, ಯಾಕೆ ಚಾರ್ಜ್? ಹೊಲಿಗೆ ಮಷಿನ್ ಮಾರಿ, ಸೂಜಿ ಬದಲಿಸೋಕೆ ಪ್ರತಿ ಸಲ ಅಂಗಡಿಗೇ ತನ್ನಿ ಅಂದ ಹಾಗಾಯ್ತು.

ದಿನಾ ಬಳಸೋ ಅಕೌಂಟ್ ಸ್ಟ್ಯಾಂಡರ್ಡ್ ಆಗಿರಲಿ ಅನ್ನೋದಕ್ಕೆ ನಂದೇನೂ ತಕರಾರಿಲ್ಲ, ವೈರಸ್ ಬಂದ್ರೂ ಸಿಸ್ಟಮ್ ಫೈಲು ಮುಟ್ಟೋದು ಕಷ್ಟ ಆಗುತ್ತೆ, ಹಾಗೆ ಇಡೋದೇ ಒಳ್ಳೇದು. ಆದರೆ ಅಡ್ಮಿನ್ ಪಾಸ್‌ವರ್ಡ್ ಇರಬೇಕಾದ್ದು ಮನೆಯವರ ಹತ್ರ, ಮಾರಿದವರ ಹತ್ರ ಅಲ್ಲ. ಅದರ ಮೇಲೆ ಸಪೋರ್ಟ್‌ಗೆ ಅಂತ ಒಂದು ರಿಮೋಟ್ ಸಾಫ್ಟ್‌ವೇರ್ ಬೇರೆ ಹಾಕಿದೀರ, ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಅದೂ ಆನ್, ತೆಗೆಯೋಕೆ ಹೋದ್ರೆ ಮತ್ತೆ ನಿಮ್ಮ ಪಾಸ್‌ವರ್ಡೇ ಬೇಕು. ಹೆಣ್ಣುಮಗಳು ಬಳಸೋ ಕಂಪ್ಯೂಟರ್ ಸರ್ ಅದು. ನಿಮ್ಮ ಮೇಲೆ ಅನುಮಾನ ಅಂತಲ್ಲ, ಆದರೆ ಅಂಗಡಿಯಲ್ಲಿ ಹುಡುಗರು ಬರ್ತಾರೆ ಹೋಗ್ತಾರೆ, ಆ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತಿದೆ ಅಂತ ನಿಮಗಾದ್ರೂ ಗೊತ್ತಾ?

ಸದ್ಯಕ್ಕೆ ಪುಣೆಯಲ್ಲಿರೋ ನನ್ನ ತಂಗಿ ಮಗ ದಾರಿ ತೋರಿಸಿದ. ಇನ್‌ಸ್ಟಾಲ್ ಮಾಡೋ ಹಾಗೇ ಇಲ್ಲದ, ಜಿಪ್ ಫೈಲಾಗಿ ಸಿಗೋ ಜಿಸಿಸಿ ಅನ್ನೋ ಕಂಪೈಲರ್ (ಜಿ++ ಇದರಲ್ಲೇ ಇರುತ್ತೆ) ತಗೊಂಡು ಮಗಳ ಯೂಸರ್ ಫೋಲ್ಡರಲ್ಲೇ ಬಿಚ್ಚಿ, ಅದರ ಬಿನ್ ಫೋಲ್ಡರನ್ನ ಅವಳ ಅಕೌಂಟಿನ ಪಾತ್ ವೇರಿಯಬಲ್‌ಗೆ (ವಿಂಡೋಸ್ ಪ್ರೋಗ್ರಾಂ ಹುಡುಕೋ ಫೋಲ್ಡರುಗಳ ಪಟ್ಟಿ) ಸೇರಿಸಿ, ಟರ್ಮಿನಲ್ ಮುಚ್ಚಿ ಹೊಸದು ತೆಗೆದ್ವಿ, ಜಿ++ ಓಡ್ತು, ಇದಕ್ಕೆ ಅಡ್ಮಿನ್ ಬೇಕಾಗಲ್ಲ. ದುಡ್ಡು ತಗೊಂಡ ನಿಮ್ಮ ಹುಡುಗರಲ್ಲಿ ಒಬ್ಬರೂ ಇಷ್ಟನ್ನ ಹೇಳ್ಲಿಲ್ಲ. ಆದರೆ ಇದು ಪೂರ್ತಿ ಪರಿಹಾರ ಅಲ್ಲ, ಮುಂದೆ ವಿಷುಯಲ್ ಸ್ಟುಡಿಯೋ, ವಿಂಡೋಸ್ ಒಳಗೆ ಲಿನಕ್ಸ್ ಓಡಿಸೋ ಡಬ್ಲ್ಯುಎಸ್ಎಲ್ ಎಲ್ಲಾ ಬೇಕಾಗುತ್ತೆ, ಪ್ರಿಂಟರ್ ಡ್ರೈವರ್ ಹಾಕೋಕೂ ಅಡ್ಮಿನ್ ಬೇಕು.

ಆದ್ದರಿಂದ ನನಗೆ ಬೇಕಾಗಿರೋದು ಇಷ್ಟು. ನನ್ನ ಹೆಸರಲ್ಲಿ ಒಂದು ಅಡ್ಮಿನಿಸ್ಟ್ರೇಟರ್ ಅಕೌಂಟ್ ಮಾಡಿ ಕೊಡಿ, ಆಮೇಲೆ ನಿಮ್ಮ ಅಕೌಂಟು, ರಿಮೋಟ್ ಸಾಫ್ಟ್‌ವೇರು ಎರಡನ್ನೂ ನನ್ನ ಎದುರಿಗೇ ತೆಗೀರಿ, ಮಗಳ ಫೈಲುಗಳಿಗೆ ಏನೂ ಆಗಬಾರದು, ಫಾರ್ಮ್ಯಾಟ್ ಬೇಡವೇ ಬೇಡ. ಇನ್‌ಸ್ಟಾಲೇಶನ್ ಅಂತ ಹಿಡಿದ ದುಡ್ಡು ವಾಪಸ್ ಕೊಡಿ. ಇದಕ್ಕೆ ನಾವು ಅಂಗಡಿಗೆ ಬರಲ್ಲ, ನಿಮ್ಮವರೇ ಮನೆಗೆ ಬರಬೇಕು.

15 ದಿನ ಕಾಯ್ತೀನಿ. ಆಗದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡ್ತೀನಿ, ಅಲ್ಲೂ ಆಗದಿದ್ರೆ ಗ್ರಾಹಕ ಆಯೋಗಕ್ಕೆ ಹೋಗ್ತೀನಿ, 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಇರೋ ಜಿಲ್ಲೆಯಲ್ಲೇ ಕೇಸ್ ಹಾಕೋಕೆ ಅವಕಾಶ ಇದೆ, ನಮ್ಮದು ಥಾಣೆ ಜಿಲ್ಲೆ. ಅಲ್ಲಿವರೆಗೂ ಹೋಗೋ ಆಸೆ ನನಗಿಲ್ಲ. ಶನಿವಾರ, ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಮನೆಯಲ್ಲೇ ಇರ್ತೀನಿ, ನಿಮ್ಮ ಹುಡುಗ ಹೊರಡೋ ಮುಂಚೆ ಒಂದು ಫೋನ್ ಮಾಡಲಿ, ನಂಬರ್ ಬಿಲ್ಲಲ್ಲಿ ಇದೆ.

ಇಂತಿ,
ಡೊಂಬಿವಲಿಯ ನಿಮ್ಮ ಗ್ರಾಹಕ