ಹೊಸ ಬಿಲ್ಲುಗಾರರ ವಿಭಾಗ ಅಂಕದ ಮೇಲೆ ನಿಲ್ಲಲಿ

ಮಾನ್ಯ ಸಂಪಾದಕರೇ,

ಬಿಲ್ಲುಗಾರಿಕೆ ಸ್ಪರ್ಧೆಗೆ ಒಮ್ಮೆ ಬಂದು ಮತ್ತೆ ಬಾರದವರನ್ನು ಆಸಕ್ತಿ ಸಾಲದವರೆಂದು ಬಿಟ್ಟುಬಿಡುವುದು ಸುಲಭ. ಬಹಳಷ್ಟು ಸಲ ತಪ್ಪಿರುವುದು ವಿಭಾಗ ಮಾಡುವ ಕ್ರಮದಲ್ಲಿ. 18ರೊಳಗಿನವರು, 21ರೊಳಗಿನವರು, 50 ದಾಟಿದವರು ಎಂದು ವಯಸ್ಸು ನೋಡಿ ವಿಂಗಡಿಸುತ್ತೇವೆ. 35ನೇ ವಯಸ್ಸಿಗೆ ಮೊದಲ ಬಾರಿ ಹೆದೆ ಎಳೆದವರು ನೇರವಾಗಿ ಮುಕ್ತ ವಿಭಾಗಕ್ಕೆ, ವರ್ಷಗಟ್ಟಲೆ ಪಳಗಿದವರ ಪಕ್ಕಕ್ಕೆ ಹೋಗಬೇಕು.

ಸೇರಿ ಒಂದು ವರ್ಷ ಆಗದವರನ್ನು ಹೊಸಬರೆಂದು ಕರೆಯುವ ಪದ್ಧತಿಯೂ ಇದೆ. ಅದೂ ಸರಿಯಲ್ಲ. ದಿನಕ್ಕೆ ನೂರು ಬಾಣ ಬಿಟ್ಟು ಹನ್ನೊಂದು ತಿಂಗಳು ಕಳೆದವರೂ ವಾರಕ್ಕೊಮ್ಮೆ ಮೈದಾನಕ್ಕೆ ಬರುವವರೂ ಆ ಲೆಕ್ಕದಲ್ಲಿ ಒಂದೇ ಆಗಿಬಿಡುತ್ತಾರೆ. ಅಳೆಯಬೇಕಾದದ್ದು ಅಂಕ. 18 ಮೀಟರ್ ದೂರಕ್ಕೆ 60 ಬಾಣ ಬಿಟ್ಟರೆ ಗರಿಷ್ಠ 600. ರಿಕರ್ವ್‌ನಲ್ಲಿ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) 360ರೊಳಗೆ ಒಂದು ವಿಭಾಗ, 480ರವರೆಗೆ ಇನ್ನೊಂದು, ಅದರ ಮೇಲಿನವರದು ಮೂರನೆಯದು ಎಂದಿಟ್ಟರೆ ಬಾಣಕ್ಕೆ ಸರಾಸರಿ 6 ಮತ್ತು 8 ಅಂಕ ಗಡಿಯಾಗುತ್ತದೆ. ಸೈಟ್, ಅಂದರೆ ಗುರಿ ನೋಡುವ ಸಾಧನ, ಇಲ್ಲದ ಬೇರ್‌ಬೋ ಬಿಲ್ಲಿಗೆ ಗಡಿ ಇನ್ನೂ ಕೆಳಗಿರಬೇಕು.

ಇಲ್ಲಿ ಮೋಸಕ್ಕೂ ದಾರಿ ಇದೆ, ಅದನ್ನು ಮೊದಲೇ ಮುಚ್ಚಬೇಕು. ಬೆಳಿಗ್ಗೆಯ 30 ಬಾಣ ನೋಡಿ ವಿಭಾಗ ಗೊತ್ತುಮಾಡಿದರೆ ಬೇಕೆಂದೇ ಕೆಟ್ಟದಾಗಿ ಬಿಡುವವರು ಹುಟ್ಟಿಕೊಳ್ಳುತ್ತಾರೆ. ಹಿಂದಿನ ಹನ್ನೆರಡು ತಿಂಗಳ ಅತ್ಯುತ್ತಮ ಎರಡು ಅಂಕ ಹಿಡಿಯಿರಿ. ದಾಖಲೆಯೇ ಇಲ್ಲದವರು ಕೆಳಗಿನ ವಿಭಾಗದಲ್ಲಿ ನಿಲ್ಲಲಿ. ಅಂದು ಗಡಿ ದಾಟಿದರೆ ಅವರ ಹೆಸರು ಮೇಲಿನ ಪಟ್ಟಿಗೆ ಹೋಗಲಿ. ದಾಖಲೆ ಇದ್ದು ಅಂದು ಗಡಿ ದಾಟಿದವರು ಪದಕ ಇಟ್ಟುಕೊಂಡು ಮುಂದಿನ ಸ್ಪರ್ಧೆಗೆ ಮೇಲೆ ಹೋಗಲಿ.

ಆಳು ಕಡಿಮೆ ಎಂದು ಬೇರೆ ಬೇರೆ ಬಗೆಯ ಬಿಲ್ಲುಗಳನ್ನು ಒಂದೇ ಪಟ್ಟಿಗೆ ಸೇರಿಸುವುದಂತೂ ಬೇಡವೇ ಬೇಡ. ತುದಿಗಳ ಗಾಲಿಗಳಿಂದ ಎಳೆತದ ಭಾರವನ್ನು ಶೇ 80ರಷ್ಟು ಇಳಿಸುವ 50 ಪೌಂಡಿನ ಕಾಂಪೌಂಡ್ ಬಿಲ್ಲನ್ನು ಪೂರ್ತಿ ಎಳೆದು ನಿಂತಾಗ ಕೈಗೆ ಉಳಿಯುವುದು 10 ಪೌಂಡ್; ಜೊತೆಗೆ ಮಸೂರದ ಸೈಟ್, ಹೆದೆ ಬಿಡಲು ರಿಲೀಸ್ ಎಂಬ ಸಾಧನ. ರಿಕರ್ವ್ ಹಿಡಿದವರಿಗೆ 30 ಪೌಂಡ್ ಎಂದರೆ ಅಷ್ಟೂ ಬೆರಳ ಮೇಲೆಯೇ. ಒಂದೊಂದು ಬಗೆಯಲ್ಲಿ ಮೂರೇ ಜನ ಇದ್ದರೂ ಪಟ್ಟಿ ಬೇರೆಯೇ ಇರಲಿ.

ದೂರದ ವಿಷಯ ಇನ್ನೂ ಗಂಭೀರ, ಏಕೆಂದರೆ ಅದು ಭುಜಕ್ಕೆ ಸಂಬಂಧಿಸಿದ್ದು. ಮುಕ್ತ ವಿಭಾಗದ ರಿಕರ್ವ್ ದೂರ 70 ಮೀಟರ್. 22–24 ಪೌಂಡ್ ಬಿಲ್ಲಿನಿಂದ ಅಷ್ಟು ದೂರ ಮುಟ್ಟಬೇಕಾದರೆ ಸೈಟನ್ನು ಇಳಿಸುತ್ತಾ ಇಳಿಸುತ್ತಾ ಅದು ಬಾಣದ ದಾರಿಗೇ ಅಡ್ಡ ಬರುತ್ತದೆ. ಆಗ ಹೊಸಬರು ಮಾಡುವುದು ಒಂದೇ, 36 ಪೌಂಡ್ ಬಿಲ್ಲಿಗೆ ಹಾರುವುದು. ಬಿಲ್ಲು ಹಿಡಿದ ಭುಜ ಕಿವಿಯತ್ತ ಏರುತ್ತದೆ, ಬೆನ್ನಿನ ಬದಲು ತೋಳೇ ಎಳೆಯುತ್ತದೆ, ಪೂರ್ತಿ ಎಳೆದದ್ದನ್ನು ತಿಳಿಸುವ ಕ್ಲಿಕ್ಕರ್ ಸದ್ದಾಗುವ ಮೊದಲೇ ಕೈ ನಡುಗುತ್ತದೆ. ಕೆಲವೇ ವಾರಗಳಲ್ಲಿ ಭುಜ ನೋವು. 30 ಮೀಟರಿಗೆ 122 ಸೆಂಟಿಮೀಟರ್ ಗುರಿಚಿತ್ರ ಕೊಟ್ಟರೆ ಹಗುರ ಬಿಲ್ಲೇ ಸಾಕು. ಒಳಾಂಗಣದಲ್ಲಿ 40ರ ಬದಲು 60 ಸೆಂಟಿಮೀಟರಿನದು ಹಾಕಿದರೆ ಪ್ರತಿ ವಲಯದ ಅಗಲ 2ರಿಂದ 3 ಸೆಂಟಿಮೀಟರಿಗೆ ಏರುತ್ತದೆ.

ಮೈದಾನದ ಕಟ್ಟಳೆಗಳನ್ನು ಯಾರೂ ಹೇಳಿಕೊಡದಿರುವುದೂ ಅನ್ಯಾಯವೇ. ಎರಡು ಸೀಟಿಗೆ ಗೆರೆಗೆ ಬರಬೇಕು, ಒಂದಕ್ಕೆ ಬಾಣ ಬಿಡಬೇಕು, ಮೂರಕ್ಕೆ ಅಂಕ ನೋಡಲು ಹೋಗಬೇಕು. ಗಡಿಯಾರ ಇಳಿಯುವ ಗಾಬರಿಯಲ್ಲಿ ಹೂಡಿದ ಬಾಣ ಜಾರಿ ಮುಂದೆ ಬೀಳುತ್ತದೆ. ಹೊಸಬರು ಅದು ಹೋಯಿತೆಂದು ಸುಮ್ಮನಾಗುತ್ತಾರೆ. ಶೂಟಿಂಗ್ ಗೆರೆಗೂ ಅದರ ಮುಂದಿನ 3 ಮೀಟರ್ ಗೆರೆಗೂ ನಡುವೆ ಬಿದ್ದಿದ್ದರೆ ಅದು ಬಿಟ್ಟ ಬಾಣವೇ ಅಲ್ಲ, ಬದಲಿಗೆ ಇನ್ನೊಂದು ಬಿಡಬಹುದು. ಅಂಕ ಬರೆಯುವ ಮೊದಲು ಬಾಣವನ್ನೂ ಗುರಿಹಲಗೆಯನ್ನೂ ಮುಟ್ಟಬಾರದು, ವಲಯದ ಗೆರೆ ಸೋಕಿದರೆ ಮೇಲಿನ ಅಂಕ. ಅಭ್ಯಾಸದ ಬಾಣಗಳಿಗೆ ಮೊದಲು ಹತ್ತು ನಿಮಿಷ ಇದಕ್ಕಿಟ್ಟು, ಪ್ರತಿ ಗುರಿಹಲಗೆಗೆ ಅನುಭವಿ ಒಬ್ಬರನ್ನು ಅಂಕ ಬರೆಯಲು ನಿಲ್ಲಿಸಬೇಕು. ಉಪಕರಣ ತಪಾಸಣೆಯೂ ವಾಪಸ್ ಕಳಿಸುವ ಕೆಲಸ ಆಗದಿರಲಿ. ಬೇರ್‌ಬೋ ಹೆದೆ ಕಟ್ಟದೆ 12.2 ಸೆಂಟಿಮೀಟರ್ ಬಳೆಯೊಳಗೆ ತೂರಬೇಕು ಎಂಬುದು ಪ್ರವೇಶಪತ್ರದಲ್ಲೇ ಇದ್ದರೆ ಬಿಲ್ಲು ಅಲುಗದಂತೆ ಹಿಡಿಯುವ ಉದ್ದನೆಯ ಸ್ಟೆಬಿಲೈಸರ್ ಕೋಲು ಹೊತ್ತು ಯಾರೂ ಬರುವುದಿಲ್ಲ.

ಕೊನೆಯದಾಗಿ, ರಿಕರ್ವ್‌ನ ಮುಖಾಮುಖಿ ಸುತ್ತು. ಅರ್ಹತಾ ಸುತ್ತಿನ ಮೊದಲ ಸ್ಥಾನದವರಿಗೆ ಕಡೆಯ ಸ್ಥಾನದವರು ಎದುರಾಳಿ. ಸೆಟ್‌ಗೆ ಮೂರು ಬಾಣ, ಗೆದ್ದರೆ 2 ಅಂಕ, 6 ಆದರೆ ಪಂದ್ಯ ಮುಗಿಯಿತು. ಹೊಸಬರ ಪಾಲಿಗೆ ಅದು ಒಂಬತ್ತೇ ಬಾಣ. ಮೊದಲ ಸುತ್ತಿನಲ್ಲಿ ಸೋತವರಿಗೆ ಇನ್ನೊಂದು ಕೋಷ್ಟಕ ಮಾಡಿ ಆಡಿಸಬೇಕು. ಆ ಸುತ್ತು ಮುಗಿದ ಮೇಲೆ ಅರ್ಧದಷ್ಟು ಗುರಿಹಲಗೆಗಳು ಹೇಗೂ ಖಾಲಿ ನಿಂತಿರುತ್ತವೆ.

ಇಂತಿ,
ಬಿಲ್ಲುಗಾರಿಕೆ ತರಬೇತುದಾರರ ಪರವಾಗಿ