ಸ್ಕೈಲ್ಯಾಬ್ ನಮ್ಮ ಗದ್ದೆಗೆ ಬಿದ್ದಿದ್ದರೆ

ಪ್ರೀತಿಯ ಮಾರಾಯ,

ನೀನು ಕಳಿಸಿದ ಹಳೇ ಪೇಪರಿನ ಫೋಟೋ ಸಿಕ್ಕಿತು. ಸ್ಕೈಲ್ಯಾಬ್! ಆ ಹೆಸರು ಕೇಳಿ ಎಷ್ಟು ಕಾಲ ಆಯಿತು. ರಾತ್ರಿ ಊಟ ಬಿಟ್ಟು ಅದನ್ನೇ ದೊಡ್ಡದು ಮಾಡಿ ಮಾಡಿ ಓದಿದೆ.

1979ರ ಜುಲೈ. ಅಮೆರಿಕದವರ 77 ಟನ್ನಿನ ಬಾಹ್ಯಾಕಾಶ ನಿಲ್ದಾಣ ಕೆಳಗೆ ಬೀಳುತ್ತದಂತೆ, ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲವಂತೆ. ಯಾರಾದರೂ ಒಬ್ಬ ಮನುಷ್ಯನಿಗೆ ಅದರ ತುಂಡು ತಾಗುವ ಸಾಧ್ಯತೆ 152ರಲ್ಲಿ ಒಂದು ಅಂತ ನಾಸಾ ಲೆಕ್ಕ ಕೊಟ್ಟಿತ್ತು. ಆ ಒಬ್ಬ ಯಾರಾಗಬೇಕು ಅಂತ ನಮ್ಮ ಕ್ಲಾಸಿನಲ್ಲಿ ಒಮ್ಮತದ ತೀರ್ಮಾನ ಆಗಿತ್ತು. ಹೆಸರು ಬೇಡ, ಕೊಡೆ ಹಿಡಿದುಕೊಂಡು ಬರುತ್ತಿದ್ದರಲ್ಲ, ಅವರೇ.

ಊರಿನ ದೊಡ್ಡವರ ಚರ್ಚೆ ಬೇರೆ ಇತ್ತು. ಬಾಸೆಲ್ ಮಿಶನ್ನಿನ ಹಂಚು ತಡೆಯುತ್ತದಾ ಇಲ್ಲವಾ ಅಂತ. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಯುರೋಪಿನ ಪಾದ್ರಿಗಳ ಸಂಸ್ಥೆ ಅದು. ಅದಕ್ಕೂ ಮೊದಲು, 1843ರ ಜುಲೈ 1ರಂದು, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತೆಗೆದ ಹರ್ಮನ್ ಮೋಗ್ಲಿಂಗ್ ಕೂಡ ಅದೇ ಮಿಶನ್ನಿನವರು. ಹೆದರಿಸುವ ಪೇಪರೂ ಅವರಿಂದ, ಕಾಯುವ ಹಂಚೂ ಅವರಿಂದ. ಇದನ್ನು ಯೋಚಿಸಿದಾಗೆಲ್ಲ ನನಗೆ ನಮ್ಮ ಜಿಲ್ಲೆಯ ಮೇಲೆ ಪ್ರೀತಿ ಉಕ್ಕುತ್ತದೆ.

ಜುಲೈ 11ರ ರಾತ್ರಿ, ನಮ್ಮ ಗಡಿಯಾರದಲ್ಲಿ ಹತ್ತು ದಾಟಿದ ಮೇಲೆ, ಅದು ಬಿದ್ದದ್ದು ಹಿಂದೂ ಮಹಾಸಾಗರಕ್ಕೆ ಮತ್ತು ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಅನ್ನುವ ಊರಿನ ಕಡೆಗೆ. ಅಲ್ಲಿನ ಸ್ಥಳೀಯ ಆಡಳಿತ, ಕಸ ಎಸೆದದ್ದಕ್ಕೆ ಅಂತ ನಾಸಾದ ಮೇಲೆ 400 ಡಾಲರ್ ದಂಡ ಹಾಕಿತು. ಸ್ಯಾನ್ ಫ್ರಾನ್ಸಿಸ್ಕೊದ ‘ಎಕ್ಸಾಮಿನರ್’ ಪತ್ರಿಕೆ, 72 ಗಂಟೆಯೊಳಗೆ ಮೊದಲ ತುಂಡು ತಂದವರಿಗೆ 10,000 ಡಾಲರ್ ಅಂದಿತ್ತು. ಎಸ್ಪೆರೆನ್ಸಿನ 17 ವರ್ಷದ ಹುಡುಗ ಒಬ್ಬ ವಿಮಾನ ಹತ್ತಿ ಹೋಗಿ ತಗೊಂಡ.

ನಮ್ಮಲ್ಲಿ ಬಿದ್ದಿದ್ದರೆ? ನೇಜಿ ನೆಡುವ ಸಮಯ. ಬೀಳುವುದು ಸರಿಯಾಗಿ ಎರಡು ಗದ್ದೆಯ ನಡುವಿನ ಹುಣಿಯ ಮೇಲೆ. ಅರ್ಧ ತನ್ನದು ಅಂತ ಚಿಕ್ಕಪ್ಪ ಮಳೆಯಲ್ಲೇ ಟೇಪು ಹಿಡಿದು ಬರುತ್ತಿದ್ದರು. ಜೋಯಿಸರಲ್ಲಿ ಪ್ರಶ್ನೆ ಇಡದೆ ಅದನ್ನು ಅಲುಗಾಡಿಸಬಾರದು ಅಂತ ಅಜ್ಜಿ. ಕಿಲೋಗೆ ಎಷ್ಟು ಅಂತ ಗುಜರಿಯವ. ಕೊನೆಗೆ ಎಲ್ಲ ಒಪ್ಪಿ ಗೋಣಿಯಲ್ಲಿ ಕಟ್ಟಿ ಮಂಗಳೂರಿಗೆ ಹೊರಟರೆ ಬಸ್ಸಿನ ಕಂಡಕ್ಟರ್ ಲಗೇಜಿನ ಟಿಕೆಟು ಹರಿಯುತ್ತಿದ್ದ. ಆ 72 ಗಂಟೆ ಉಡುಪಿ ದಾಟುವುದರೊಳಗೆ ಮುಗಿಯುತ್ತಿತ್ತು.

1962ರ ಫೆಬ್ರವರಿಯ ಅಷ್ಟಗ್ರಹ ಕೂಟ ನಾವು ಹುಟ್ಟುವ ಮೊದಲಿನದು. ಮಕರ ರಾಶಿಯಲ್ಲಿ ಎಂಟು ಗ್ರಹ ಸೇರಿ ಲೋಕ ಮುಳುಗುತ್ತದೆ ಅಂತ ದೇಶವಿಡೀ ಹೋಮ ನಡೆಯಿತು. ಲೋಕವೇ ಮುಳುಗುವಾಗ ಗೇಣಿ ಯಾಕೆ ಕೊಡಬೇಕು ಅಂತ ಒಬ್ಬನಾದರೂ ಒಕ್ಕಲಿನವ ಕೇಳಿರಬೇಕು. ಕೇಳಿರಲಿ ಅಂತ ನನ್ನ ಆಸೆ. 2008ರ ಸೆಪ್ಟೆಂಬರ್ 10ಕ್ಕೆ ಜಿನೀವಾದ ಹತ್ತಿರ ವಿಜ್ಞಾನಿಗಳ 27 ಕಿಲೋಮೀಟರ್ ಸುತ್ತಳತೆಯ, ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಶುರುವಾದಾಗ ಅದು ಭೂಮಿಯನ್ನೇ ನುಂಗುತ್ತದೆ ಅಂದರು. ಒಂಬತ್ತು ದಿನಕ್ಕೆ ಯಂತ್ರವೇ ಕೆಟ್ಟು ನಿಂತಿತು.

ಇದನ್ನೆಲ್ಲ ಓದಿ ಒಬ್ಬನೇ ನಗುತ್ತಿದ್ದೆ. ಆಗ ಒಂದು ವಿಷಯ ಹೊಳೆಯಿತು, ಆಮೇಲೆ ನಿದ್ದೆ ಬರಲಿಲ್ಲ. ಹಳೇ ಪೇಪರ್ ನನಗೆ ಯಾಕೆ ಇಷ್ಟ ಅಂದರೆ, ಮರುದಿನ ಏನಾಯಿತು ಅಂತ ಗೊತ್ತಿರುತ್ತದೆ. ಇವತ್ತಿನ ಪೇಪರಿನಲ್ಲಿ ಆ ಧೈರ್ಯ ಇಲ್ಲ.

1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿತು. ಅಣ್ಣ ಅಲ್ಲಿದ್ದದ್ದು ನಿನಗೆ ಗೊತ್ತು. ಮನೆಯೊಳಗೆ ಏನು ನಡೆಯಿತು ಅಂತ ನಿನಗೂ ಹೇಳಿಲ್ಲ. ಅಮ್ಮನಿಗೆ ಓದಲು ಬರುವುದಿಲ್ಲ. ದಿನಾ ಬೆಳಿಗ್ಗೆ ಮಲ್ಲಿಗೆ ಕಟ್ಟುತ್ತಾ ಕೂತಿದ್ದಾಗ ಅಪ್ಪ ಪೇಪರ್ ಓದಿ ಹೇಳುತ್ತಿದ್ದರು. ಆ ತಿಂಗಳು ಅವರು ಓದಿದ ತಲೆಬರಹಗಳು ಯಾವ ಪೇಪರಿನಲ್ಲೂ ಇರಲಿಲ್ಲ. ‘ಕುವೈತಿನಲ್ಲಿ ಅಂಗಡಿಗಳು ತೆರೆದಿವೆ.’ ‘ಭಾರತೀಯರಿಗೆ ಏನೂ ತೊಂದರೆ ಇಲ್ಲ.’ ಒಮ್ಮೆ ‘ಅಲ್ಲಿ ಮಳೆ ಬಂದು ಸೆಕೆ ಕಡಿಮೆಯಾಗಿದೆ’ ಅಂತಲೂ ಓದಿದರು, ಆ ಮರುಭೂಮಿಯಲ್ಲಿ, ಆಗಸ್ಟಿನಲ್ಲಿ! ನಾನು ಹಿಂದಿನಿಂದ ಇಣುಕಿ ನಿಜವಾದ ಅಕ್ಷರಗಳನ್ನು ನೋಡುತ್ತಿದ್ದೆ. ನೋಡಿ ಸುಮ್ಮನಿರುತ್ತಿದ್ದೆ.

ಆಮೇಲೆ ಜೋರ್ಡಾನಿನ ಅಮ್ಮಾನಿನಿಂದ ಬೊಂಬಾಯಿಗೆ ಏರ್ ಇಂಡಿಯಾದ ವಿಮಾನಗಳು ಹಾರಿದವು. ಸುಮಾರು 1,70,000 ಜನ ಮನೆಗೆ ಬಂದರು, ಅವರಲ್ಲಿ ಅಣ್ಣನೂ ಒಬ್ಬ. ಕೊಂಕಣ ರೈಲು ಇನ್ನೂ ಇರಲಿಲ್ಲ, ಬೊಂಬಾಯಿಯಿಂದ ಬಸ್ಸಿನಲ್ಲಿ ಬಂದ. ಅವನು ಸ್ನಾನಕ್ಕೆ ಹೋದಾಗ ಅಮ್ಮ ಅಪ್ಪನಿಗೆ ಹೇಳಿದಳು: “ನಿಮ್ಮ ಪೇಪರಿನಲ್ಲಿ ಇದ್ದಷ್ಟು ಚೆಂದ ಕುವೈತ್ ಇರಲಿಲ್ಲವಂತೆ.” ಅಪ್ಪ ಕನ್ನಡಕ ಒರೆಸಿದರು. ಅಷ್ಟೇ.

ಈಗ ನನ್ನ ಮಗ ದೋಹಾದಲ್ಲಿ. ಆ ಕಡೆಯ ಆಕಾಶದ ಬಗ್ಗೆ ತಲೆಬರಹ ಬಂದಾಗೆಲ್ಲ ಅಮ್ಮ ಕೇಳುತ್ತಾಳೆ, “ಎಂತ ಉಂಟು ಪೇಪರಿನಲ್ಲಿ?” ಶಂಕರಪುರ ಮಲ್ಲಿಗೆ ಅಟ್ಟೆಗೆ ಎಷ್ಟಾಯಿತು, ಮಲ್ಪೆಯಲ್ಲಿ ಬೋಟು ಕಡಲಿಗೆ ಇಳಿಯಿತಾ, ಇಷ್ಟನ್ನು ಓದಿ ಮಡಚಿ ಇಡುತ್ತೇನೆ. ಉಳಿದದ್ದನ್ನು ನಾನೊಬ್ಬನೇ ಆಮೇಲೆ ಓದುತ್ತೇನೆ, ಅಂಗಳದಲ್ಲಿ ನಿಂತು. ಅವಳು ಆಗ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಆದರೂ ಕೇಳುತ್ತಾಳೆ. ನನಗೆ ಹೆದರಿಕೆ ಆಗುತ್ತದೆ ಮಾರಾಯ, ತುಂಬಾ. ಅಪ್ಪನಿಗೆ ಎಷ್ಟು ಆಗಿರಬೇಕು ಅಂತ ಈಗ ಗೊತ್ತಾಗುತ್ತಿದೆ.

ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ, ಮಗನೂ ಓದುತ್ತಾನೆ. ಓದಲಿ, ಓದಿ ಅಜ್ಜಿಗೆ ಒಂದು ಫೋನ್ ಮಾಡಲಿ.

ನೀನು ಮಾತ್ರ ಆಟಿಯಲ್ಲಿ ಬಾ. ಕೆಸುವಿನ ಎಲೆ ಈ ವರ್ಷ ಜೋರು ಬಂದಿದೆ, ಅಮ್ಮ ಪತ್ರೊಡೆ ಮಾಡುತ್ತಾಳಂತೆ. ನಿನ್ನ ಅಟ್ಟದಲ್ಲಿ ಇನ್ನೂ ಪೇಪರ್ ಇದ್ದರೆ ಪ್ಲಾಸ್ಟಿಕ್ ಕಟ್ಟಿ ತಾ. ಆ ಇನ್ನೊಂದು ಸಾಮಾನೂ ತಾ, ಯಾವುದು ಅಂತ ಇಲ್ಲಿ ಬರೆಯುವುದಿಲ್ಲ.

ನಿನ್ನವ