ಜೋಳಿಗೆಯ ಊರಿನಿಂದ ಮಗಳಿಗೊಂದು ಪತ್ರ

ಇಳಕಲ್ಲ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಪರೀಕ್ಷೆಯ ಹೊತ್ತಿಗೆ ನಿದ್ದೆ ಬಾರದಿರಲೆಂದು ಮಾತ್ರೆ ನುಂಗುವ ಗೆಳತಿಯೊಬ್ಬಳು ನಿನಗೂ ಒಂದನ್ನು ಕೊಡಲು ಬಂದಿದ್ದಳೆಂದೂ, ನೀನು ಬೇಡವೆಂದೆಯೆಂದೂ ನಿನ್ನ ಅವ್ವ ಹೇಳಿದಳು. ಬೇಡವೆಂದದ್ದು ಸರಿಯೇ, ಆದರೆ ಆ ಹುಡುಗಿಯ ವಿಷಯ ಅಲ್ಲಿಗೆ ಮುಗಿಯುವುದಿಲ್ಲವೆಂದು ಇದನ್ನು ಬರೆಯುತ್ತಿದ್ದೇನೆ.

ಮಾದಕ ವಸ್ತುವೆಂದೊಡನೆ ನಮ್ಮ ಕಡೆಯ ಹಿರಿಯರು ಗಾಂಜಾ ಮಾರುವ ಅಪರಿಚಿತನಿಗೆ ಹೆದರುತ್ತಾರೆ. ಆದರೆ ನಿಮ್ಮ ವಯಸ್ಸಿನವರಿಗೆ ಅದು ಮೊದಲು ಸಿಗುವುದು ಬಹುಪಾಲು ಪರಿಚಿತರ ಕೈಯಿಂದಲೇ. ಕೊಡೀನ್ ಎಂಬ ಅಮಲಿನ ಅಂಶ ಬೆರೆತ ಕೆಮ್ಮಿನ ಔಷಧ, ವೈದ್ಯರ ಚೀಟಿಯಿಲ್ಲದೆ ನುಂಗುವ ನಿದ್ದೆಯ ಮಾತ್ರೆ, ನೋವಿನ ಮಾತ್ರೆ ಇವೆಲ್ಲ ಔಷಧದಂಗಡಿಯವು ಎಂಬ ಕಾರಣಕ್ಕೇ ನಿರಪಾಯವೆನಿಸುತ್ತವೆ. ಆಸೆಗೆ ಕಡಿವಾಣ ಹಾಕುವ ಮೆದುಳಿನ ಮುಂಭಾಗವು ಪೂರ್ಣವಾಗಿ ಬಲಿಯಲು ಸುಮಾರು 25 ವರ್ಷವಾಗಬೇಕಾದ್ದರಿಂದ, ಹದಿಹರೆಯದಲ್ಲಿ ಹತ್ತಿದ ಚಟವನ್ನು ಬಿಡಿಸುವುದು ಹೆಚ್ಚು ಕಷ್ಟ.

ನಮ್ಮೂರಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ, ಕಾಣಿಕೆಯ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರೆಂಬುದು ನಿನಗೆ ಗೊತ್ತಿದೆ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. (ಶಾಲೆಗಳಲ್ಲಿ ಅದು ಭಾಷಣ, ಪ್ರತಿಜ್ಞೆಗಳಲ್ಲೇ ಮುಗಿಯುವುದು ನನಗೇನೂ ಸಮಾಧಾನ ತಂದಿಲ್ಲ.) ಕುಡುಕನೆದುರು ಮಠದ ಸ್ವಾಮಿಗಳೇ ಬೇಡುವವರಾಗಿ ನಿಂತರೆ ಅವನಿಗೆ ಅವಮಾನವಾಗುವುದಿಲ್ಲ, ಅವನು ಕೊಡುವವನಾಗುತ್ತಾನೆ. ಬೈದು, ಹಂಗಿಸಿ, ಊರ ಮುಂದೆ ನಿಲ್ಲಿಸಿ ಯಾರ ಚಟವನ್ನೂ ಬಿಡಿಸಿದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಆ ಗೆಳತಿಯನ್ನು ದೂರವಿಡಬೇಡ, ಅವಳ ಸುದ್ದಿಯನ್ನು ಕೋಣೆಯಿಂದ ಕೋಣೆಗೆ ಹಬ್ಬಿಸಲೂ ಬೇಡ. ಅವಳೊಬ್ಬಳೇ ಇರುವಾಗ ಕುಳಿತು ಮಾತಾಡಿಸು. ಎಷ್ಟು ದಿನದಿಂದ ನುಂಗುತ್ತಿದ್ದಾಳೆ, ಯಾರು ತಂದುಕೊಡುತ್ತಾರೆ ಎಂಬುದನ್ನು ಕೇಳು. ದಿಢೀರನೆ ಬಿಟ್ಟರೆ ಕೆಲವು ಮಾತ್ರೆಗಳು ಮೈಗೆ ತೊಂದರೆ ಕೊಡುವುದರಿಂದ ಬಿಡಿಸುವ ಕೆಲಸ ವೈದ್ಯರದು, ನಿನ್ನದಲ್ಲ. ಅವಳಿಗೆ ಪೊಲೀಸರ ಭಯವಿದ್ದರೆ ಹೀಗೆ ಹೇಳು: ಮಾದಕ ವಸ್ತುಗಳ 1985ರ ಕಾಯ್ದೆಯಲ್ಲೇ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಸೇವನೆಯ ಪ್ರಕರಣದಿಂದ ರಕ್ಷಣೆಯಿದೆ. ಮಕ್ಕಳ ಕೈಗೆ ಅಮಲಿನ ವಸ್ತು ಕೊಡುವವರಿಗೆ ಮಾತ್ರ 2015ರ ಬಾಲನ್ಯಾಯ ಕಾಯ್ದೆಯಂತೆ 7 ವರ್ಷದವರೆಗೂ ಕಠಿಣ ಸಜೆಯಾಗಬಹುದು.

ಅವಳು ಒಪ್ಪಿದರೆ ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446ಕ್ಕೆ ಇಬ್ಬರೂ ಕೂಡಿ ಕರೆ ಮಾಡಿರಿ. ಒಪ್ಪದಿದ್ದರೆ ನನಗೆ ತಿಳಿಸು. ಮುಂದಿನ ವಾರ ಬೆಳಗಾವಿಗೆ ಬರುವವನಿದ್ದೇನೆ, ವಾರ್ಡನ್ ಅವರೊಂದಿಗೆ ನಾನೇ ಮಾತಾಡುತ್ತೇನೆ.

ನಿನ್ನ ಅಪ್ಪ